ನಾನು ನಿಂತಿರದ ಕಿಟಕಿ

ಇಂಥ ಸಂಗತಿಗಳನ್ನು ಬೇರೆಯವರು ಹೇಳಿದಾಗ ನಂಬಿದವಳಲ್ಲ ನಾನು. ನಂಬದಿದ್ದರೆ ಸುಮ್ಮನಿರಬಹುದಿತ್ತು, ಹೇಳಿದವರ ಎದುರಿಗೇ ಅದನ್ನು ಬಿಡಿಸಿ ತೋರಿಸುವ ಚಾಳಿ ಬೇರೆ ಇತ್ತು. ತೀರಿಹೋದ ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರೆಂದು ನಮ್ಮ ಚಿಕ್ಕಮ್ಮ ಒಮ್ಮೆ ಹೇಳಿದಾಗ, ಆ ಬಾಗಿಲಿಗೆ ಒಣಹಾಕಿದ್ದ ಸೀರೆ ಯಾವ ಬಣ್ಣದ್ದು ಎಂದು ಕೇಳಿದ್ದೆ. ಚಿಕ್ಕಮ್ಮ ಆಮೇಲೆ ಬಹಳ ದಿನ ನನಗೆ ಮುಖ ಕೊಟ್ಟು ಮಾತಾಡಲಿಲ್ಲ. ಈಗ ಇದನ್ನು ಬರೆಯಲು ಕೂತಾಗ ಅವರ ನೆನಪಾಗುತ್ತದೆ. ನನ್ನನ್ನೂ ಯಾರಾದರೂ ಹಾಗೆ ಕೇಳಿ ಬಾಯಿ ಮುಚ್ಚಿಸಿದರೆ ಒಳ್ಳೆಯದಿತ್ತು ಅನ್ನಿಸುತ್ತದೆ.

ಎಂ.ಎ.ಯಲ್ಲಿ ನಾನು ಓದಿದ್ದು ಮನಶ್ಶಾಸ್ತ್ರ. ನೆನಪಿನ ಬಗ್ಗೆ ಪಾಠ ಮಾಡುತ್ತಿದ್ದ ಮೇಡಂ ಮೊದಲ ದಿನವೇ ನಮಗೆಲ್ಲ ಕಣ್ಣು ಮುಚ್ಚಲು ಹೇಳಿ, ಮೊದಲ ಸಲ ಸೈಕಲ್ ತುಳಿದದ್ದನ್ನು ನೆನಪಿಸಿಕೊಳ್ಳಿ ಎಂದಿದ್ದರು. "ಈಗ ಹೇಳಿ. ಕಾಣ್ತಿರೋದು ಸೈಕಲ್ಲಿನ ಹ್ಯಾಂಡಲ್ಲಾ, ಇಲ್ಲಾ ಸೈಕಲ್ ಮೇಲೆ ಕೂತಿರೋ ನೀವಾ?" ಅರ್ಧ ತರಗತಿಗೆ ತಾವೇ ಕಂಡಿದ್ದರು, ಬೀದಿಯ ಆಚೆ ಬದಿಯಿಂದ ಯಾರೋ ನೋಡಿದ ಹಾಗೆ. ನನಗೂ ಹಾಗೇ. ಫ್ರಾಕು ತೊಟ್ಟ ನಾನು ವಾಲುತ್ತಾ ಬರುತ್ತಿದ್ದೆ, ನನ್ನ ಬೆನ್ನ ಹಿಂದೆ ಅಪ್ಪ ಸೀಟು ಹಿಡಿದು ಓಡುತ್ತಿದ್ದರು. ಆ ಚಿತ್ರ ಯಾರ ಕಣ್ಣಿನದು? ಯಾರದ್ದೂ ಅಲ್ಲ, ಎಂದರು ಮೇಡಂ. ನೆನಪು ತೆಗೆದಿಟ್ಟ ಫೋಟೋ ಅಲ್ಲ, ಪ್ರತಿ ಸಲವೂ ಹೊಸದಾಗಿ ಕಟ್ಟಿಕೊಳ್ಳುವಂಥದ್ದು. ಕಟ್ಟುವಾಗ ಎಲ್ಲಿ ನಿಂತು ನೋಡಬೇಕೆಂದು ಮನಸ್ಸು ತನಗೆ ಬೇಕಾದ ಹಾಗೆ ತೀರ್ಮಾನಿಸುತ್ತದೆ.

ಅಂದಿನಿಂದ ನನ್ನ ನೆನಪುಗಳ ಮೇಲೆ ನನಗೇ ಅನುಮಾನ. ದಿನಚರಿ ಬರೆಯಲು ಶುರುಮಾಡಿದ್ದೂ ಆಗಲೇ. ಆದರೆ ಬೆಳಿಗ್ಗೆ ನಡೆದದ್ದನ್ನು ಸಂಜೆ ಕೂತು ಬರೆಯುವುದೂ ನೆನಪಿನಿಂದಲೇ ತಾನೆ? ಅದನ್ನೂ ಪೂರ್ತಿ ನಂಬಿದವಳಲ್ಲ. ಮೇಡಂ ಹೇಳಿದ ಪಾಠವನ್ನು ಮಾತ್ರ ಈಗಲೂ ನಂಬುತ್ತೇನೆ. ಈಗ ಹೇಳುವುದನ್ನು ಆ ಪಾಠದೊಳಗೆ ಕೂರಿಸಲು ಎಷ್ಟು ಪ್ರಯತ್ನಪಟ್ಟರೂ ಆಗಿಲ್ಲ, ಅಷ್ಟೇ.

ನಮ್ಮ ಮನೆ ಹಲಸೂರಿನ ಹಳೆಯ ಬಜಾರಿನ ಹಿಂದಿನ ಒಂದು ಗಲ್ಲಿಯಲ್ಲಿದೆ. ಅಪ್ಪ ವಿಮಾನಪುರದ ಕಾರ್ಖಾನೆಯಲ್ಲಿ ಬಿಡಿಭಾಗಗಳನ್ನು ಪರೀಕ್ಷಿಸುವ ವಿಭಾಗದಲ್ಲಿದ್ದವರು. ನಿವೃತ್ತರಾಗಿ ಕ್ವಾರ್ಟರ್ಸ್ ಬಿಟ್ಟ ಮೇಲೆ ಇಲ್ಲಿಗೆ ಬಂದೆವು. ಅಮ್ಮ ಅಷ್ಟರಲ್ಲಾಗಲೇ ತೀರಿಕೊಂಡಿದ್ದಳು. ತಮ್ಮ ಪ್ರಕಾಶ ಮದುವೆಯಾಗಿ ಕಲ್ಯಾಣ ನಗರದಲ್ಲಿದ್ದ. ನಾನು ಇಂದಿರಾನಗರದ ಕಡೆ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಮನೆಯಲ್ಲಿ ಅಪ್ಪ ಮತ್ತು ನಾನು.

ನಮ್ಮ ಎದುರಿನ ಕಟ್ಟಡದ ಎರಡನೇ ಮಹಡಿಯಲ್ಲಿ ಷಾಹಿದಾ ಆಂಟಿ ಇದ್ದಾರೆ. ಅವರಿಗೆ ಮಂಡಿನೋವು, ಮೆಟ್ಟಿಲು ಕಡಿದು. ಹಾಗಾಗಿ ಅವರ ವ್ಯಾಪಾರವೆಲ್ಲ ಬುಟ್ಟಿಯಲ್ಲಿ. ಕಿಟಕಿಯ ಕಂಬಿಗಳ ನಡುವೆ ಒಂದು ಪುಟ್ಟ ಬಾಗಿಲಿದೆ; ಅದರಿಂದ ಹಗ್ಗ ಕಟ್ಟಿದ ಪ್ಲಾಸ್ಟಿಕ್ ಬುಟ್ಟಿ ಇಳಿಯುತ್ತದೆ, ತರಕಾರಿಯೋ ಹಾಲೋ ತುಂಬಿಕೊಂಡು ಏರುತ್ತದೆ. ರಂಜಾನ್ ಹಬ್ಬದ ಶೀರ್‌ಖುರ್ಮಾ ನಮಗೆ ಆ ಬುಟ್ಟಿಯಲ್ಲೇ ಇಳಿದು ಬರುತ್ತಿತ್ತು, ಯುಗಾದಿಯ ಒಬ್ಬಟ್ಟು ಅದರಲ್ಲೇ ಮೇಲೆ ಹೋಗುತ್ತಿತ್ತು. ಇಷ್ಟು ವರ್ಷದ ಒಡನಾಟವಿದ್ದರೂ ನಾನು ಅವರ ಮನೆಯ ಮೆಟ್ಟಿಲು ಹತ್ತಿರಲಿಲ್ಲ. ಹತ್ತುವ ಅಗತ್ಯವೇ ಬಿದ್ದಿರಲಿಲ್ಲ.

ಬುಟ್ಟಿಯದೊಂದು ಪದ್ಧತಿ ಇತ್ತು. ಅದನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ಎಲ್ಲವೂ ಅದರಿಂದಲೇ ಆಯಿತು. ಅವರ ಕಿಟಕಿಗಿಂತ ಕೆಳಗೆ, ಒಂದನೇ ಮಹಡಿಗೆ, ಅಗಲವಾದ ಸಿಮೆಂಟಿನ ಸಜ್ಜಾ ಚಾಚಿಕೊಂಡಿದೆ. ಗೋಡೆಯ ಬುಡದಲ್ಲಿ ನಿಂತವರು ಅದರಿಂದಾಗಿ ಮೇಲಿನವರಿಗೆ ಕಾಣುವುದಿಲ್ಲ. ಬುಟ್ಟಿ ತುಂಬಿಸಿದವರು ಹಗ್ಗವನ್ನು ಒಮ್ಮೆ ಜಗ್ಗಿ, ಆಮೇಲೆ ಹಿಂದಕ್ಕೆ ಹೆಜ್ಜೆಯಿಡುತ್ತಾ ಗಲ್ಲಿಯ ನಡುವಿಗೆ ಬಂದು, ಮುಖ ಎತ್ತಿ, "ಎಳೀರಿ" ಎಂದು ಕೈ ತೋರಿಸಬೇಕು. ಗಲ್ಲಿಯ ಜನರೆಲ್ಲ ಹಾಗೇ ಮಾಡುತ್ತಿದ್ದರು. ಯಾರೂ ಹಿಂದಕ್ಕೆ ತಿರುಗಿ ನೋಡುತ್ತಿರಲಿಲ್ಲ. ಮೇಲಿನವರಿಗೆ ಕಾಣಿಸುವ ಭರದಲ್ಲಿ ಬೆನ್ನ ಹಿಂದೆ ಏನಿದೆ ಎನ್ನುವುದು ಮರೆತೇ ಹೋಗುತ್ತಿತ್ತು.

ಅಪ್ಪ ನಿವೃತ್ತರಾದ ಮೇಲೆ ಆ ಬುಟ್ಟಿಯ ಉಸ್ತುವಾರಿ ತಾವಾಗಿಯೇ ವಹಿಸಿಕೊಂಡಿದ್ದರು. ಸಂಜೆ ಮುರುಗನ ತಳ್ಳುಗಾಡಿ ಬರುತ್ತಲೇ ಹೊರಗೆ ಹೋಗಿ, ಷಾಹಿದಾ ಆಂಟಿಯ ತರಕಾರಿಯನ್ನು ಒಂದೊಂದಾಗಿ ತಿರುಗಿಸಿ ನೋಡಿ ಬುಟ್ಟಿಗೆ ಹಾಕುತ್ತಿದ್ದರು. "ಸಾರ್, ಇದು ಅವರೆಕಾಯಿ. ಏರೋಪ್ಲೇನ್ ಅಲ್ಲ" ಎಂದು ಮುರುಗ ಗೊಣಗುತ್ತಿದ್ದ. "ಏರೋಪ್ಲೇನಲ್ಲಿ ಹುಳ ಇರಲ್ಲ ಕಣಯ್ಯಾ" ಎಂದು ಅಪ್ಪ. ಮೇಲಿನಿಂದ ಆಂಟಿ ನಗುವುದು ಕೇಳಿಸುತ್ತಿತ್ತು.

ಕೆಲವು ವರ್ಷಗಳ ಹಿಂದಿನ ಮಾತು. ಅವರೆಕಾಯಿಯ ಕಾಲ. ಕಾಲೇಜಿನಿಂದ ಮೆಟ್ರೋ ಹಿಡಿದು ಬಂದವಳು ಗಲ್ಲಿಯ ಬಾಯಿಂದಲೇ ಅಪ್ಪನನ್ನು ಕಂಡು, ಚೀಲವನ್ನೂ ಇಳಿಸದೆ ಮುರುಗನ ಗಾಡಿಯ ಹತ್ತಿರ ಬಂದು ನಿಂತೆ. ಬೆಳಕು ಇನ್ನೂ ಪೂರ್ತಿ ಹೋಗಿರಲಿಲ್ಲ. ನನ್ನ ಬೆನ್ನು ಗಲ್ಲಿಯ ಕಡೆಗಿತ್ತು. ಅಪ್ಪ ಪಕ್ಕದಲ್ಲಿದ್ದರು, ಆಂಟಿಯ ಬುಟ್ಟಿ ಗೋಡೆಯ ಬುಡದಲ್ಲಿ ಇಳಿದು ಕೂತಿತ್ತು. "ಗಟ್ಟಿ ಕಾಯಿ ಆರ್ಸು ಪುಟ್ಟಿ, ಜೊಳ್ಳು ತಗೋಬೇಡ" ಎಂದರು ಅಪ್ಪ. ಆಮೇಲೆ ಅವರು ನನ್ನ ಪಕ್ಕದಿಂದ ಸರಿದದ್ದು ಗೊತ್ತಾಯಿತು. ಗಲ್ಲಿಯ ಆ ತುದಿಯಲ್ಲಿ ಇಮ್ತಿಯಾಜ್ ತನ್ನ ಗೂಡ್ಸ್ ಆಟೋ ಶುರುಮಾಡಿದ್ದೂ ಕೇಳಿಸಿತು. ಇಮ್ತಿಯಾಜ್ ನಮ್ಮ ಗಲ್ಲಿಯವನೇ, ಬಜಾರಿನ ಅಂಗಡಿಗಳಿಗೆ ಸಾಮಾನು ಸಾಗಿಸುವವನು. ಗಲ್ಲಿಯಲ್ಲಿ ಆಟೋ ತಿರುಗಿಸಲು ಜಾಗವಿಲ್ಲ; ದಿನವೂ ಹಿಮ್ಮುಖವಾಗಿಯೇ ಹೊರಗೆ ತೆಗೆಯುತ್ತಿದ್ದ.

ಅಷ್ಟರಲ್ಲಿ ಒಂದು ಹಸಿರು ಹುಳ ಕಾಯಿಯಿಂದ ನನ್ನ ಹೆಬ್ಬೆರಳಿಗೆ ಹತ್ತಿತು. ನನಗೆ ಹುಳ ಕಂಡರೆ ಮೈ ಜುಮ್ಮೆನ್ನುತ್ತದೆ. ಅದು ಬೆರಳಿನ ಗೆಣ್ಣು ದಾಟಿ ವಾಚಿನ ಪಟ್ಟಿಯ ಕಡೆಗೆ ಬರುವುದನ್ನೇ ನೋಡುತ್ತಾ ಒಂದು ಗಳಿಗೆ ಕಲ್ಲಾಗಿ ನಿಂತೆ, ಆಮೇಲೆ ಕೈ ಒದರಿದೆ. ಹಿಂದಿನಿಂದ ದಬ್ ಎಂಬ ಸದ್ದು. ಬ್ರೇಕು ಕಿರುಗುಟ್ಟಿತು. ಮುರುಗ "ಅಯ್ಯೋ ಸಾರ್" ಎಂದು ಕೂಗಿದ. ತಿರುಗಿದಾಗ ಅಪ್ಪ ನೆಲದ ಮೇಲಿದ್ದರು.

ನಾನು ಕಣ್ಣಾರೆ ಕಂಡದ್ದು ಇಷ್ಟೇ. ಅವರೆಕಾಯಿ, ಹುಳ, ನೆಲದ ಮೇಲಿದ್ದ ಅಪ್ಪ. ನಡುವಿನದನ್ನು ನಾನು ನೋಡಲಿಲ್ಲ. ನೋಡಲಿಲ್ಲ ಎಂಬುದನ್ನಷ್ಟೇ ಅಂದೇ ಎಲ್ಲರಿಗೂ ಹೇಳಿದೆ, ಠಾಣೆಯವರಿಗೂ ಹೇಳಿದೆ.

ಅಪ್ಪನನ್ನು ಎತ್ತಿ ತನ್ನ ಆಟೋದಲ್ಲೇ ಆಸ್ಪತ್ರೆಗೆ ಕರೆದೊಯ್ದವನು ಇಮ್ತಿಯಾಜೇ. ಸೊಂಟದ ಮೂಳೆ ಮುರಿದಿತ್ತು, ತಲೆಗೂ ಪೆಟ್ಟಾಗಿತ್ತು. ಎಚ್ಚರ ಬಂದಾಗ ಅಪ್ಪನಿಗೆ ಆ ಸಂಜೆಯ ನೆನಪೇ ಇರಲಿಲ್ಲ. ನನ್ನ ಕಡೆ ನೋಡಿ ಕೇಳಿದ ಮೊದಲ ಮಾತು, "ನಾನು ಹೆಂಗೆ ಬಿದ್ದೆ?" ನರ್ಸನ್ನೂ ಅದನ್ನೇ ಕೇಳಿದರು, ಡಾಕ್ಟರನ್ನೂ. ಬದುಕಿಡೀ ಯಾವ ಭಾಗ ಎಲ್ಲಿ ಸೀಳಿತು, ಏಕೆ ಸೀಳಿತು ಎಂದು ಹುಡುಕಿದ ಮನುಷ್ಯ. ತಾನು ಬಿದ್ದ ಕಾರಣ ಗೊತ್ತಿಲ್ಲದೆ ಹಾಸಿಗೆಯಲ್ಲಿ ಮಲಗಿರುವುದು ಅವರಿಗೆ ಮೂಳೆಯ ನೋವಿಗಿಂತ ದೊಡ್ಡ ಹಿಂಸೆಯಾಗಿತ್ತು.

ಪ್ರಕಾಶ ದೂರು ಕೊಟ್ಟ. ಇಮ್ತಿಯಾಜನ ಆಟೋ ಠಾಣೆಯ ಮುಂದೆ ನಿಂತಿತು, ಲೈಸೆನ್ಸೂ ಅಲ್ಲೇ ಹೋಯಿತು. ಆಟೋ ಬಿಟ್ಟರೆ ಅವನಿಗೆ ಬೇರೆ ಕಸುಬಿಲ್ಲ. ಕೇಸು ಅವನ ವಿರುದ್ಧ ನಿಂತರೆ ಜೈಲೂ ಆಗಬಹುದು ಎಂದು ಯಾರೋ ಹೆದರಿಸಿದ್ದರು. ಒಂದು ಬೆಳಿಗ್ಗೆ ಅವನು ನಮ್ಮ ಬಾಗಿಲಿಗೆ ಬಂದು, ಒಳಗೆ ಬಾ ಎಂದರೂ ಬಾರದೆ, ಹೊಸಿಲಾಚೆಯೇ ನಿಂತ.

"ಅಕ್ಕಾ, ಕನ್ನಡಿ ನೋಡ್ಕೊಂಡೇ ರಿವರ್ಸ್ ತಗೊಂಡೆ. ಸಾರ್ ಗೋಡೆ ಪಕ್ಕ ಇದ್ರು. ಹಿಂದೆ ಯಾರೂ ಇರ್ಲಿಲ್ಲ, ಅಲ್ಲಾ ಕಸಂ. ನೀವು ಅಲ್ಲೇ ಇದ್ರಲ್ಲ, ನೀವ್ ಹೇಳಿ."

"ನಾನು ನೋಡಿಲ್ಲ ಇಮ್ತಿಯಾಜ್."

"ಒಂಚೂರೂ ನೋಡಿಲ್ವಾ?"

ಇಲ್ಲ ಎಂದೆ. ಅವನು ನಂಬಲಿಲ್ಲ ಅನ್ನಿಸುತ್ತದೆ. ತಮ್ಮನ ಪರವಾಗಿ ಬಾಯಿ ಮುಚ್ಚಿಕೊಂಡಿದ್ದೇನೆ ಎಂದುಕೊಂಡಿರಬೇಕು. ಅತ್ತ ಪ್ರಕಾಶನಿಗೆ ನಾನು ಇಮ್ತಿಯಾಜನ ಮೇಲಿನ ಕನಿಕರಕ್ಕೆ ಸುಮ್ಮನಿದ್ದೇನೆಂಬ ಸಿಟ್ಟು. ಅಪ್ಪ ಎಂದಿನಂತೆ ಬುಟ್ಟಿಗಾಗಿ ಹಿಂದೆ ಸರಿದಿರಬಹುದಲ್ಲವೇ ಎಂದು ನಾನು ಕೇಳಿದಾಗ ಅವನ ಉತ್ತರ ಸಿದ್ಧವಾಗಿತ್ತು. "ಬುಟ್ಟಿ ಖಾಲಿ ಇತ್ತು ಅಕ್ಕ. ಮುರುಗನೂ ಅದನ್ನೇ ಹೇಳ್ತಾನೆ. ಖಾಲಿ ಬುಟ್ಟಿ ಎಳೀರಿ ಅಂತ ಅಪ್ಪ ಯಾಕೆ ಹಿಂದೆ ಹೋಗ್ತಾರೆ?" ಅದು ನಿಜ. ಖಾಲಿ ಬುಟ್ಟಿಯ ಪಕ್ಕದಿಂದ ಅಪ್ಪ ಹಿಂದೆ ಸರಿಯಲು ಕಾರಣವೇ ಇರಲಿಲ್ಲ. ಮುರುಗ ಆಗ ತಕ್ಕಡಿಯ ಕಡೆ ಬಾಗಿದ್ದನಂತೆ. ಮೂಲೆಯ ಬೇಕರಿಯ ಕ್ಯಾಮೆರಾ ತನ್ನ ಮೆಟ್ಟಿಲುಗಳನ್ನು ಬಿಟ್ಟು ಬೇರೇನನ್ನೂ ನೋಡಿರಲಿಲ್ಲ.

ಇದಾದ ಒಂದೆರಡು ವಾರಗಳ ಮೇಲೆ, ಒಂದು ಮಧ್ಯಾಹ್ನ, ಆಸ್ಪತ್ರೆಯ ಕಾರಿಡಾರಿನ ಬೆಂಚಿನಲ್ಲಿ ಕೂತು ಕಾಗದದ ಲೋಟದಲ್ಲಿ ಟೀ ಕುಡಿಯುತ್ತಿದ್ದೆ. ನಿದ್ದೆಯಲ್ಲಿರಲಿಲ್ಲ, ಜ್ವರವೂ ಇರಲಿಲ್ಲ. ಏನನ್ನೂ ನೆನಪಿಸಿಕೊಳ್ಳಲು ಯತ್ನಿಸುತ್ತಿರಲಿಲ್ಲ. ಮನೆಗೆ ಹೋಗುವಾಗ ಗ್ಯಾಸಿನವನಿಗೆ ಫೋನ್ ಮಾಡಬೇಕು ಎಂಬಂಥ ಯೋಚನೆಯಲ್ಲಿದ್ದೆ. ಆಗ ಆ ಸಂಜೆ ನೆನಪಿಗೆ ಬಂತು. ಬೇರೆ ಯಾವುದೇ ನೆನಪು ಬರುವ ಹಾಗೇ ಬಂತು.

ಆದರೆ ಚಿತ್ರ ಮೇಲಿನಿಂದ ಇತ್ತು. ಕೆಳಗೆ ಗಲ್ಲಿ. ಗಾಡಿಯ ಮೇಲಿನ ಹಸಿರು ರಾಶಿ. ಗಾಡಿಯ ಕಡೆ ಬಾಗಿದ ಒಬ್ಬ ಹೆಂಗಸಿನ ಬೈತಲೆ, ಹೆಗಲಿಗೆ ಜೋತುಬಿದ್ದ ಚೀಲ, ಅದು ನಾನು. ಕಣ್ಣಿಗೆ ಹತ್ತಿರದಲ್ಲೇ ಸಜ್ಜಾದ ಒರಟು ಸಿಮೆಂಟು, ಅದರ ಮೇಲೆ ಬಿದ್ದ ಒಂದು ಸ್ಟೀಲ್ ಸೌಟು, ಹಿಡಿ ಬಾಗಿದ್ದು. ಸಜ್ಜಾದ ಅಡಿಯಿಂದ ಅಪ್ಪ ಹಿಮ್ಮುಖವಾಗಿ ಹೆಜ್ಜೆ ಹಾಕುತ್ತಾ ಹೊರಗೆ ಬರುತ್ತಾರೆ. ಮೊದಲು ಅವರ ನೆತ್ತಿಯ ಬೋಳು ಕಾಣುತ್ತದೆ. ಆಮೇಲೆ ಅವರು ಮುಖ ಎತ್ತುತ್ತಾರೆ, ನೇರವಾಗಿ ನನ್ನ ಕಡೆಗೆ. ಆ ಮುಖದಲ್ಲಿ ಮೊದಲು ಅಚ್ಚರಿ, ಮರುಕ್ಷಣ ನಗು. ಬಲಗೈ ಅರ್ಧಕ್ಕೆ ಏಳುತ್ತದೆ. ಆಟೋ ಅಷ್ಟರಲ್ಲಾಗಲೇ ಹಿಂದಕ್ಕೆ ಬರುತ್ತಿದೆ. ಅದರ ಟಾರ್ಪಾಲು ಒಂದು ಪಕ್ಕದಿಂದ ಚಿತ್ರದೊಳಗೆ ನುಗ್ಗುತ್ತದೆ. ಅಲ್ಲಿಗೆ ಮುಗಿಯುತ್ತದೆ.

ಟೀ ಆರಿಹೋಗುವವರೆಗೂ ಹಾಗೇ ಕೂತಿದ್ದೆ. ಆಮೇಲೆ ಮೇಡಂ ಹೇಳಿಕೊಟ್ಟಂತೆ ಅದನ್ನು ಬಿಡಿಸತೊಡಗಿದೆ. ಬುಟ್ಟಿಯ ಪದ್ಧತಿ ನನಗೆ ಗೊತ್ತು, ಅಪ್ಪನ ಬೋಳು ಗೊತ್ತು, ಗಾಡಿ ಎಲ್ಲಿತ್ತು, ಆಟೋ ಎಲ್ಲಿಂದ ಬಂತು ಎಲ್ಲ ಗೊತ್ತು. ಇಮ್ತಿಯಾಜ್ ಹೊಸಿಲಾಚೆ ನಿಂತು ಹೋದಾಗಿನಿಂದ ಅವನನ್ನು ಹೇಗಾದರೂ ಉಳಿಸಬೇಕೆಂಬ ಆಸೆ ಒಳಗೇ ಇತ್ತು. ನೋಡದೇ ಹೋದದ್ದನ್ನು ನೋಡಬೇಕಿತ್ತು ಎಂಬ ತಳಮಳವೂ ಇತ್ತು. ಇವೆಲ್ಲ ಸೇರಿದರೆ ಒಂದು ಚಿತ್ರವಾಗದೆ ಇನ್ನೇನಾದೀತು? ಸೌಟು ಒಂದು ಮಾತ್ರ ಎಲ್ಲಿಂದ ಬಂತೆಂದು ತಿಳಿಯಲಿಲ್ಲ. ಅದೂ ಎಲ್ಲಿಂದಲೋ ಬಂದಿರುತ್ತದೆ ಎಂದುಕೊಂಡೆ.

ಆದರೂ ಚಿತ್ರ ಹೋಗಲಿಲ್ಲ. ಪಾಠದ ನಡುವೆ ಬರುತ್ತಿತ್ತು, ಬೋರ್ಡಿನ ಕಡೆ ತಿರುಗಿದಾಗ ಬರುತ್ತಿತ್ತು. ಪ್ರತಿ ಸಲವೂ ಅಪ್ಪ ಅದೇ ರೀತಿ ಮುಖ ಎತ್ತುತ್ತಿದ್ದರು. ಕೊನೆಗೆ ಒಂದು ದಿನ, ಆಸ್ಪತ್ರೆಗೆ ಹೊರಟವಳು, ಚಳಿಗೆಂದು ಹೊದ್ದಿದ್ದ ಅಮ್ಮನ ಕಂದು ಶಾಲಿನಲ್ಲೇ ಎದುರಿನ ಮೆಟ್ಟಿಲುಗಳನ್ನು ಹತ್ತಿದೆ.

ಷಾಹಿದಾ ಆಂಟಿ ಬಾಗಿಲು ತೆಗೆದು ಒಂದು ಕ್ಷಣ ನೋಡಿ, "ಅರೆ! ಮೆಟ್ಲು ಹತ್ಕೊಂಡು ಬಂದ್ಯಾ ಬೇಟಾ? ಹೇಳಿದ್ರೆ ಬುಟ್ಟಿ ಬಿಡ್ತಿದ್ದೆ ಅಲ್ಲಾ" ಎಂದರು. ನಗಬೇಕೆಂದೇ ಹೇಳಿದ ಮಾತು, ಆದರೆ ಇಬ್ಬರಿಗೂ ನಗು ಬರಲಿಲ್ಲ. ಅಪ್ಪನ ವಿಚಾರ ಕೇಳಿದರು. ಆ ದಿನದಿಂದ ಬುಟ್ಟಿ ಇಳಿಸಿಲ್ಲ, ಮಗನೇ ಎಲ್ಲ ತರುತ್ತಾನೆ ಎಂದರು. ಕಿಟಕಿಯಿಂದ ಒಮ್ಮೆ ನೋಡಲೇ ಎಂದು ನಾನು ಕೇಳಿದೆ.

ಕಂಬಿಗಳನ್ನು ಎರಡೂ ಕೈಯಲ್ಲಿ ಹಿಡಿದು ಕೆಳಗೆ ನೋಡಿದೆ. ಗಲ್ಲಿ ನನ್ನ ಚಿತ್ರದಲ್ಲಿದ್ದಂತೆಯೇ ಇತ್ತು. ಸಜ್ಜಾದ ಮೇಲೆ ಸೌಟು ಬಿದ್ದಿತ್ತು. ಹಿಡಿ ಬಾಗಿತ್ತು.

"ಅದಾ? ಮೊಮ್ಮಗ ಎಸ್ದಿದ್ದು" ಎಂದರು ಆಂಟಿ ಹಿಂದಿನಿಂದ. "ಎಷ್ಟೋ ತಿಂಗಳಾಯ್ತು. ಕೋಲು ಹಾಕಿದ್ರೂ ಸಿಗಲ್ಲ." ಬೀದಿಯಿಂದ ಅದು ಕಾಣುವಂತಿಲ್ಲ. ನಮ್ಮ ಮನೆ ಇರುವುದು ನೆಲಮಹಡಿಯಲ್ಲಿ, ಅಲ್ಲಿಂದಲೂ ಕಾಣುವಂತಿಲ್ಲ.

ನಾನು ಕಂಡ ಚಿತ್ರದ ಬಗ್ಗೆ ಅವರಿಗೆ ಒಂದು ಮಾತೂ ಹೇಳಲಿಲ್ಲ. ಆ ಸಂಜೆ ಅವರೇನಾದರೂ ನೋಡಿದ್ದರೇ ಎಂದಷ್ಟೇ ಕೇಳಿದೆ.

"ಪೊಲೀಸ್ನೋರು ಬಂದಿದ್ರು. ನೋಡಿಲ್ಲ ಅಂದ್ಬಿಟ್ಟೆ."

"ನೋಡಿರ್ಲಿಲ್ವಾ ಆಂಟಿ?"

"ಇಲ್ಲೇ ನಿಂತಿದ್ದೆ ಬೇಟಾ. ಹಗ್ಗ ಕೈಯಲ್ಲೇ ಇತ್ತು. ಕಣ್ಣು ತೆಗ್ದೇ ಇತ್ತಲ್ಲಾ, ನೋಡೇ ಇರ್ಬೇಕು." ಅವರು ದುಪಟ್ಟಾದ ಅಂಚನ್ನು ಸುತ್ತುತ್ತಾ ಬಿಚ್ಚುತ್ತಾ ಇದ್ದರು. "ಕ್ಯಾ ಬೋಲ್ನಾ, ಏನು ಹೇಳ್ಲಿ... ನೆನಪು ಮಾಡ್ಕೊಂಡ್ರೆ ಸಾರ್ ಬರಲ್ಲ. ಬರೀ ಅವರೆಕಾಯಿ ಬರುತ್ತೆ."

"ಗಾಡಿ ಮೇಲಿನ ರಾಶಿನಾ?"

"ರಾಶಿ ಅಲ್ಲ. ಇಷ್ಟು ಹತ್ರ." ಅಂಗೈಯನ್ನು ಮೂಗಿನ ಮುಂದೆ ಹಿಡಿದರು. "ಹಸಿರು ಹುಳ ಒಂದು, ಹೆಬ್ಬೆಟ್ಟಿನ ಮೇಲೆ ಹತ್ತುತ್ತೆ. ಥೂ ಅಂತ ಕೈ ಒದರ್ತೀನಿ. ಅಷ್ಟೇ. ಆದ್ರೆ ಆ ಕೈ ನಂದಲ್ಲ ಬೇಟಾ. ಬಳೆ ಇಲ್ಲ ಅದಕ್ಕೆ. ಕಪ್ಪು ಪಟ್ಟಿ ವಾಚು ಇದೆ."

ನನ್ನ ಎಡಗೈ ಶಾಲಿನ ಒಳಗಿತ್ತು. ಅದನ್ನು ಹೊರಗೆ ತೆಗೆಯಲು ನನಗೆ ಧೈರ್ಯ ಬರಲಿಲ್ಲ. ಹುಳದ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ. ಅಪ್ಪ ನೆಲಕ್ಕೆ ಬಿದ್ದಿರುವಾಗ ಹುಳದ ಕತೆಯನ್ನು ಯಾರು ಹೇಳುತ್ತಾರೆ? ಎರಡನೇ ಮಹಡಿಯಿಂದ, ಆ ಮಬ್ಬು ಬೆಳಕಿನಲ್ಲಿ, ಅರ್ಧ ಬೆರಳುದ್ದದ ಹುಳ ಕಾಣುವುದೂ ಸಾಧ್ಯವಿಲ್ಲ. ಅದರಲ್ಲೂ ಆಂಟಿಯ ದೃಷ್ಟಿ ಮಂದ.

"ಇಮ್ತಿಯಾಜ್ ನಮ್ಮ ಕಣ್ಮುಂದೆ ಬೆಳೆದ ಹುಡ್ಗ" ಎಂದರು ಅವರು. "ಸಾರ್ ತಾವೇ ಹಿಂದೆ ಬಂದ್ರು, ನಾನು ನೋಡ್ದೆ ಅಂತ ಹೇಳ್ಬಿಡೋಣ ಅಂತ ಎಷ್ಟು ಸಲ ಅನ್ಸಿದೆ. ಆದ್ರೆ ನೋಡಿದ್ದು ನೆನಪಿಲ್ಲಲ್ಲಾ. ಸುಳ್ಳು ಹೇಳಿದ್ರೆ ಮೇಲೆ ಕೇಳೋನು ಕೇಳ್ತಾನೆ. ನೀನೂ ಯಾರಿಗೂ ಹೇಳ್ಬೇಡ. ಮಗನಿಗೆ ಗೊತ್ತಾದ್ರೆ ಅಮ್ಮಂಗೆ ತಲೆ ಕೆಟ್ಟಿದೆ ಅಂತಾನೆ."

ಮೆಟ್ಟಿಲು ಇಳಿಯುತ್ತಾ ಯೋಚಿಸಿದೆ. ಹಾಗಾದರೆ ಅವರ ಕಣ್ಣು ಕಂಡದ್ದು ನನ್ನೊಳಗೆ ಬಂದು, ನನ್ನ ಕಣ್ಣು ಕಂಡದ್ದು ಅವರೊಳಗೆ ಹೋಯಿತೇ? ಹೀಗೆ ಬರೆಯುವಾಗಲೇ ನನಗೆ ನಾಚಿಕೆಯಾಗುತ್ತದೆ. ನನ್ನ ವಿದ್ಯಾರ್ಥಿಯೊಬ್ಬಳು ಹೀಗೆ ಬರೆದಿದ್ದರೆ ಪಕ್ಕದಲ್ಲಿ ಕೆಂಪು ಗೆರೆ ಎಳೆಯುತ್ತಿದ್ದೆ. ಆಂಟಿ ಎಷ್ಟೋ ಸಲ ಅವರೆಕಾಯಿ ಬಿಡಿಸುವಾಗ ಹುಳ ಕಂಡಿರುತ್ತಾರೆ. ನನ್ನ ಕೈಯ ವಾಚು ದಿನವೂ ಗಲ್ಲಿಯಲ್ಲಿ ಓಡಾಡುವಂಥದ್ದೇ. ಭಯದಲ್ಲಿ ಮನಸ್ಸು ಒಂದಕ್ಕೊಂದು ಕಲಸಿಬಿಡುತ್ತದೆ. ಇದನ್ನೆಲ್ಲ ನಾನೇ ನನಗೆ ಹೇಳಿಕೊಂಡೆ. ಒಂದೊಂದಾಗಿ ನೋಡಿದರೆ ಪ್ರತಿಯೊಂದಕ್ಕೂ ಉತ್ತರವಿತ್ತು.

ಪ್ರಕಾಶನಿಗೆ ಹೇಳಿದೆ. ಆಂಟಿಯ ಮಾತನ್ನು ಬಿಟ್ಟು, ನನ್ನ ಚಿತ್ರವನ್ನಷ್ಟೇ. ಅವನು ತಾಳ್ಮೆಯಿಂದಲೇ ಕೇಳಿದ.

"ಅಕ್ಕ, ನೀನು ಎಲ್ಲಿ ನಿಂತಿದ್ದೆ?"

"ಗಾಡಿ ಹತ್ರ."

"ಬೆನ್ನು ಯಾವ ಕಡೆ ಇತ್ತು?"

"ಗಲ್ಲಿ ಕಡೆ."

"ಮತ್ತೆ ಮೇಲಿಂದ ನೋಡೋಕೆ ನೀನೇನು ಡ್ರೋನಾ?" ಆಮೇಲೆ ಅವನ ದನಿ ಇಳಿಯಿತು. "ಅವನ ಮೇಲೆ ನಂಗೇನು ದ್ವೇಷ ಇದ್ಯಾ? ಅಪ್ಪ ಇನ್ಮೇಲೆ ಸರಿಯಾಗಿ ನಡೀತಾರೋ ಇಲ್ವೋ ಗೊತ್ತಿಲ್ಲ. ಹಿಂದೆ ನೋಡ್ದೆ ಗಾಡಿ ಬಿಡೋನು ನಾಳೆ ಯಾವ್ದೋ ಮಗುಗೆ ಗುದ್ತಾನೆ. ಆಗ ನಿನ್ನ ಚಿತ್ರಾನ ಯಾರಿಗೆ ತೋರಿಸ್ತೀಯ?" ಈ ವಿಷಯವನ್ನು ಅಪ್ಪನ ಮುಂದೆ ಎತ್ತಬಾರದೆಂದು ಇಬ್ಬರೂ ಒಪ್ಪಿಕೊಂಡೆವು. ಎತ್ತಲಿಲ್ಲ ಎಂದು ಅವನು ಇಂದಿಗೂ ಹೇಳುತ್ತಾನೆ. ನಾನಂತೂ ಎತ್ತಲಿಲ್ಲ.

ಅಪ್ಪ ಮನೆಗೆ ಬಂದರು. ಅವರ ಹೇಳಿಕೆ ಪಡೆಯಲು ನಾಳೆ ಬರುತ್ತೇವೆಂದು ಠಾಣೆಯಿಂದ ಫೋನ್ ಬಂದ ದಿನ ಪ್ರಕಾಶನೂ ಬಂದಿದ್ದ. ಔಷಧಿ ತರಲು ಬಜಾರಿಗೆ ಹೋಗಿದ್ದ. ಅಪ್ಪ ಹೇಳುವುದರ ಮೇಲೆ ಕೇಸಿನ ಗತಿ ನಿಂತಿತ್ತು. ನನಗೇನೂ ನೆನಪಿಲ್ಲ ಎಂದರೆ ಪ್ರಕಾಶನ ದೂರು ಹಾಗೇ ಮುಂದೆ ಹೋಗುತ್ತಿತ್ತು. ನಾನು ದಿಂಬು ಸರಿಮಾಡುತ್ತಿದ್ದೆ. ಅಪ್ಪ ಇದ್ದಕ್ಕಿದ್ದಂತೆ ನನ್ನ ಕೈ ಹಿಡಿದರು.

"ಪುಟ್ಟಿ, ಒಂದು ಮಾತು. ಪ್ರಕಾಶ ನಗ್ತಾನೆ, ಅವನಿಗೆ ಹೇಳ್ಬೇಡ. ನಂಗೆ ಒಂಚೂರು ನೆನಪು ಬಂದಿದೆ."

"ಏನಪ್ಪಾ?"

"ಬುಟ್ಟಿಗೆ ಹಾಕಣ ಅಂತ ಬಗ್ಗಿದ್ದೆ. ಮೇಲಿಂದ ಯಾರೋ ನೋಡ್ತಿದಾರೆ ಅನ್ನಿಸ್ತು. ತಲೆ ಎತ್ತಿದೆ. ಸಜ್ಜಾ ಅಡ್ಡ ಇತ್ತು, ಅರ್ಧ ಮಾತ್ರ ಕಾಣಿಸ್ತು. ಇದೇನಪ್ಪ ಪಕ್ಕದಲ್ಲಿದ್ದವಳು ಅಲ್ಲಿಗೆ ಹೆಂಗೆ ಹೋದ್ಲು ಅಂತ, ಸರಿಯಾಗಿ ನೋಡಣ ಅಂತ ಹಿಂದೆ ಹಿಂದೆ ಬಂದೆ."

"ಯಾರು ಅಪ್ಪಾ?"

"ನೀನು. ಕಿಟಕಿ ಕಂಬಿ ಎರಡೂ ಕೈಲಿ ಹಿಡ್ಕೊಂಡು ನಿಂತಿದ್ದೆ. ಅಮ್ಮನ ಶಾಲು ಹೊದ್ದಿದ್ದೆ."

ಆ ಸಂಜೆ ನಾನು ಕಾಲೇಜಿನಿಂದ ನೇರ ಬಂದವಳು, ಶಾಲು ಹೊದ್ದಿರಲಿಲ್ಲ. ಕಂಬಿಗಳನ್ನು ಹಿಡಿದು ಆ ಕಿಟಕಿಯಲ್ಲಿ ನಿಂತದ್ದು ಅಪ್ಪ ಬಿದ್ದು ಎಷ್ಟೋ ದಿನಗಳ ಮೇಲೆ, ಅವರು ಆಸ್ಪತ್ರೆಯ ಹಾಸಿಗೆಯಲ್ಲಿದ್ದಾಗ. ಆ ಶಾಲು ಹೊದ್ದು ಆಸ್ಪತ್ರೆಯಲ್ಲಿ ದಿನವೂ ಅವರ ಪಕ್ಕದಲ್ಲಿ ಕೂರುತ್ತಿದ್ದೆನಲ್ಲ, ಅಲ್ಲಿಂದಲೇ ಅದು ಅವರ ನೆನಪಿಗೆ ಸೇರಿರಬಹುದು. ಪ್ರಕಾಶ ಬಾಯಿತಪ್ಪಿ ಏನಾದರೂ ಅಂದಿರಬಹುದು. ಅಥವಾ ನಾನೇ ಅಪ್ಪನ ಹಾಸಿಗೆಯ ಬಳಿ ತೂಕಡಿಸುವಾಗ ಏನಾದರೂ ಬಡಬಡಿಸಿರಬಹುದು. ಆ ಕ್ಷಣದಲ್ಲಿ ಇದಾವುದೂ ಹೊಳೆಯಲಿಲ್ಲ. ಅಪ್ಪ ಖಾಲಿ ಬುಟ್ಟಿ ಬಿಟ್ಟು ಹಿಂದೆ ಸರಿದದ್ದೇಕೆ ಎಂಬುದಕ್ಕೆ ಉತ್ತರ ಇದೇ ಆದರೆ, ಅವರನ್ನು ಬೀಳಿಸಿದವಳು ನಾನೇ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಅಪ್ಪ ನನ್ನ ಕೈ ಬಿಟ್ಟಿರಲಿಲ್ಲ. "ಇದು ನಿಜಾನಾ, ಪೆಟ್ಟು ಬಿದ್ದ ತಲೆ ಆಡಿಸ್ತಿರೋ ಆಟಾನಾ ಗೊತ್ತಾಗ್ತಿಲ್ಲ. ಆಟ ಆದ್ರೆ ನಾಳೆ ನೆನಪಿಲ್ಲ ಅಂತ ಹೇಳ್ತೀನಿ. ನಿಜ ಆದ್ರೆ ಆ ಹುಡುಗನ್ನ ಸುಮ್ನೆ ಬಿಡ್ಬೇಕು, ತಪ್ಪು ಅವನದಲ್ಲ. ನಾನು ನಿನ್ನ ನೋಡಿ ಕೈ ಎತ್ತಿದೆ. ನೀನು ನೋಡಿದ್ಯಾ?"

ಠಾಣೆಯವರು ಕೇಳಿದ್ದರು, ಪ್ರಕಾಶ ಕೇಳಿದ್ದ, ಇಮ್ತಿಯಾಜ್ ಹೊಸಿಲಾಚೆ ನಿಂತು ಕೇಳಿದ್ದ. ಎಲ್ಲರಿಗೂ ಒಂದೇ ಉತ್ತರ ಕೊಟ್ಟಿದ್ದೆ. ಅಪ್ಪ ನನ್ನ ಮುಖವನ್ನೇ ನೋಡುತ್ತಿದ್ದರು.

"ನೋಡ್ದೆ ಅಪ್ಪ" ಎಂದೆ.

ಅವರು ಕಣ್ಣು ಮುಚ್ಚಿ ತಲೆಯಾಡಿಸಿದರು. ಮರುದಿನ ಬಂದವರಿಗೆ, ತಾನೇ ಹಿಂದೆ ನೋಡದೆ ಸರಿದೆ, ಆಟೋದವನದು ತಪ್ಪಿಲ್ಲ ಎಂದು ಹೇಳಿದರು. ಕಿಟಕಿಯ ಮಾತೆತ್ತಲಿಲ್ಲ. ಪ್ರಕಾಶ ನನ್ನನ್ನು ಒಮ್ಮೆ ದುರುಗುಟ್ಟಿ ನೋಡಿದ, ದೂರಿನ ವಿಷಯವನ್ನು ಮುಂದುವರಿಸಲಿಲ್ಲ. ಇಮ್ತಿಯಾಜನ ಆಟೋ ಗಲ್ಲಿಗೆ ವಾಪಸು ಬಂತು. ಈಗ ಅವನು ಹಿಂದಕ್ಕೆ ತೆಗೆಯುವಾಗ ಯಾರನ್ನಾದರೂ ಇಳಿಸಿ, ದಾರಿ ನೋಡಿಸಿಕೊಂಡೇ ತೆಗೆಯುತ್ತಾನೆ. ಅದರ ಸದ್ದು ಕೇಳಿದಾಗಲೆಲ್ಲ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ನಿಲ್ಲುತ್ತೇನೆ. ತಪ್ಪಿಲ್ಲದವನನ್ನು ಉಳಿಸಿದೆನೋ, ತಪ್ಪಿದ್ದವನನ್ನು ಬಿಟ್ಟೆನೋ ನನಗೆ ಗೊತ್ತಿಲ್ಲ. ಅಪ್ಪನಿಗೆ ಹೇಳಿದ್ದು ಸುಳ್ಳೇ ಎಂದು ಕೇಳಿಕೊಂಡರೆ ಹೌದು ಎನ್ನಲಾರೆ. ಆ ಮುಖ ನನಗೆ ಈಗಲೂ ಕಾಣುತ್ತದೆ. ನಿಜವೇ ಎಂದು ಕೇಳಿಕೊಂಡರೂ ಹೌದು ಎನ್ನಲಾರೆ.

ಅಪ್ಪ ಈಗ ಕೋಲು ಹಿಡಿದು ನಡೆಯುತ್ತಾರೆ. ಸಂಜೆ ಇಬ್ಬರೂ ಗಲ್ಲಿಗೆ ಇಳಿಯುತ್ತೇವೆ. ಇಳಿದ ಕೂಡಲೇ ಅವರು ಒಮ್ಮೆ ನನ್ನ ಮೊಣಕೈ ಮುಟ್ಟುತ್ತಾರೆ. ಆಸರೆಗೆ ಎಂದು ಮೊದಮೊದಲು ಅಂದುಕೊಂಡಿದ್ದೆ. ಆಸರೆಗಲ್ಲ. ನಾನು ಪಕ್ಕದಲ್ಲೇ ಇದ್ದೇನೆಯೇ ಎಂದು ನೋಡಿಕೊಳ್ಳುತ್ತಾರೆ.

"ಇದ್ದೀನಪ್ಪ" ಎನ್ನುತ್ತೇನೆ. ಅಷ್ಟು ಹೇಳುವಾಗಲೂ ನನಗೆ ಪೂರ್ತಿ ಧೈರ್ಯವಿರುವುದಿಲ್ಲ.